ಬಿಷಪ್ ಅಯ್ಯನವರ ಕಾರು, ನನ್ನ ಚಪ್ಪಲಿ

ಸತ್ತವರ ವಿಷಯ ಪುಸ್ತಕ ಬರೆಯುವವರ ಕಾರು ಓಡಿಸಿದರೆ ಇಂಥವು ಆಗುತ್ತಲೇ ಇರುತ್ತವೆ. ಬೇಡ ಅಂದರೂ ಆಗುತ್ತವೆ. ಅದೂ ಹಾಡಹಗಲೇ.

ನಾನು ಡ್ರೈವರು. ಬಿಷಪ್ ಅಯ್ಯನವರ ಡ್ರೈವರು. ಇಂಗ್ಲಿಷರ ಕಾಲದಿಂದ ನಡೆದು ಬಂದ ಕ್ರೈಸ್ತ ಸಭೆ ಅವರದು. ಒಂದೊಂದು ಚರ್ಚಿಗೆ ಒಬ್ಬೊಬ್ಬ ಪಾದ್ರಿ ಅಯ್ಯನವರು ಇರುತ್ತಾರೆ. ಅವರೆಲ್ಲರ ಮೇಲೆ ಒಬ್ಬರು ಬಿಷಪ್. ಉದ್ದನೆ ಬಿಳಿ ನಿಲುವಂಗಿ, ಸೊಂಟಕ್ಕೆ ನೇರಳೆ ಪಟ್ಟಿ, ಕೈಯಲ್ಲಿ ಬೆಳ್ಳಿ ಕೊಕ್ಕೆಯ ಕೋಲು. ಮದುವೆ ಆಗಬಹುದು, ಮನೆ ಮಾಡಬಹುದು. ಸೇರಿದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮದು ಕೆಂಗೇರಿ ಪಕ್ಕದ ಹಳ್ಳಿ. ಮನೆದೇವರು ಮುನೇಶ್ವರ. ಊರು ಲೇಔಟ್ ಆಯಿತು, ನಾನು ಡ್ರೈವರ್ ಆದೆ.

ಅಯ್ಯನವರ ತಂದೆ ಒಂದು ಸಣ್ಣ ಊರಿನ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದರು. ಹೆಣದ ಗುಂಡಿಯನ್ನೂ ಅವರೇ ತೋಡುತ್ತಿದ್ದರು. ಮಗ ಮಿಷನ್ ಹಾಸ್ಟೆಲಿನಲ್ಲಿ ಓದಿದರು. ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ ಬೋಧನೆ ಮಾಡಿದರು. ಪಾದ್ರಿ ಆದರು, ಬಿಷಪ್ ಆದರು. ಜೊತೆಗೆ ಪುಸ್ತಕ ಬರೆದರು. ಪ್ರಾರ್ಥನೆ ಮೇಲೆ ಒಂದು, ಕಷ್ಟದ ಮೇಲೆ ಒಂದು, ಸಾವಿನ ಮೇಲೆ ಬೇಕಾದಷ್ಟು. ನಿವೃತ್ತಿ ಆದ ಮೇಲೆ ಬಸವೇಶ್ವರನಗರಕ್ಕೆ ಬಂದರು. ನನ್ನನ್ನೂ ಕರೆದುಕೊಂಡು ಬಂದರು. ಮನೆ ಹಿಂದೆ ಒಂದು ರೂಮು ನಮಗೆ, ಅಂದರೆ ನನಗೂ ನಮ್ಮನೆಯವಳಿಗೂ. ಅಯ್ಯನವರ ಅಡುಗೆ ಅವಳದೇ.

ಈಗ ಅವಳಿಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ ಹೋದಳು. ಮುಖ ಫೋಟೋದಲ್ಲಿದೆ. ದನಿ ಎಲ್ಲೂ ಇಲ್ಲ. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಏನೂ ಉಳಿಯಲ್ಲ. ಬೈದ ಮಾತೆಲ್ಲ ನೆನಪಿದೆ. ಬೈದ ದನಿ ಮಾತ್ರ ದಿನಾ ಒಂದಿಷ್ಟು ಅಳಿಸಿ ಹೋಗುತ್ತಾ ಬಂತು. ಅದೊಂದೇ ನನ್ನ ಸಂಕಟ. ಮಿಕ್ಕಿದ್ದೆಲ್ಲ ನಗುವ ವಿಷಯ. ಹೇಳುತ್ತೀನಿ.

ಹಿಂದಿನ ಸೀಟು

ಅಯ್ಯನವರು ಪುಸ್ತಕ ಬರೆಯುತ್ತಿದ್ದುದು ಕೈಯಲ್ಲಿ ಅಲ್ಲ, ಬಾಯಲ್ಲಿ. ಒಂದು ಸಣ್ಣ ರೆಕಾರ್ಡರ್ ಇತ್ತು. ಮನೆಯಲ್ಲಿ ಫೋನು, ಬರೋರು ಹೋಗೋರು. ಅದಕ್ಕೆ ಕಾರು ಹತ್ತುತ್ತಿದ್ದರು. "ನಡಿಯಯ್ಯಾ, ಒಂದು ಅಧ್ಯಾಯ ಸುತ್ತಿಸ್ಕೊಂಡು ಬಾ" ಅನ್ನುತ್ತಿದ್ದರು. ಸಣ್ಣ ಅಧ್ಯಾಯಕ್ಕೆ ವಿಜಯನಗರ. ದೊಡ್ಡದಕ್ಕೆ ಕೆಂಗೇರಿ.

ಬೆನ್ನುನೋವು. ಕೂತು ಹೇಳಲು ಆಗದು. ಹಿಂದಿನ ಸೀಟಿನಲ್ಲಿ ಮಲಗಿ, ಕಣ್ಣು ಮುಚ್ಚಿ, ಎದೆ ಮೇಲೆ ಕೈ ಜೋಡಿಸಿ ಹೇಳುತ್ತಿದ್ದರು. ಇನ್ನೊಂದು ಅಭ್ಯಾಸ. ಪ್ರಶ್ನೆ ಕೇಳಿ ಸುಮ್ಮನಾಗುವುದು. ಉತ್ತರ ಬರುವ ತನಕ ಕಾಯುವುದು. ಚರ್ಚಿನ ಪೀಠದಲ್ಲಿ ನಿಂತು ಹಾಗೆ ಕಾದರೆ ಸಭೆಯವರು ಕೆಮ್ಮುತ್ತಿದ್ದರು. ಕಾರಿನಲ್ಲಿ ನಾನು ಹಾರ್ನ್ ಹೊಡೆಯುತ್ತಿದ್ದೆ. ನಾನು ಕಾರು ತೊಳೆಯುವ ಹೊತ್ತಿನಲ್ಲಿ ಮನೆಯಲ್ಲೇ ಮಲಗಿ ಹೇಳಿದರೆ, ಅಡುಗೆಮನೆಯಿಂದ ಬಾಯಿ ಬಿಟ್ಟು ಉತ್ತರ ಕೊಡುತ್ತಿದ್ದವಳು ನಮ್ಮನೆಯವಳು ಒಬ್ಬಳೇ.

ಒಂದು ದಿನ ಎಲ್ಲೋ ಸನ್ಮಾನ ಮುಗಿಸಿ ಬರುತ್ತಿದ್ದೆವು. ಅಯ್ಯನವರ ಕೊರಳಲ್ಲಿ ಸೇವಂತಿಗೆ ಹಾರ. ಹಾಗೇ ಮಲಗಿ ಶುರು ಮಾಡಿದರು. ಮಾಗಡಿ ರೋಡ್ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಾಕಿದ.

"ಬೆಲ್ಟ್ ಎಲ್ರೀ?"

ನಾನು ಹುಡುಕುತ್ತಾ ಇದ್ದೆ. ಹಿಂದಿನಿಂದ ದನಿ ಬಂತು.

"ನಾನು ಸತ್ತೆನೆಂದು ನೀವು ಅತ್ತಿರಿ. ನಾನು ಇಲ್ಲೇ ಇದ್ದೇನೆ."

ಪೊಲೀಸಿನವನ ಕೈ ನಿಂತಿತು. "ಯಾರ್ರೀ ಮಾತಾಡಿದ್ದು?"

"ಅಯ್ಯನವರು ಸಾರ್."

"ಎಲ್ಲಿದಾರೆ? ಯಾರೂ ಕಾಣ್ತಿಲ್ಲ."

"ಹಿಂದೆ ಮಲಗವ್ರೆ ಸಾರ್."

ಬಗ್ಗಿ ನೋಡಿದ. ಕೊರಳಿಂದ ಕಾಲಿನ ತನಕ ಬಿಳಿ ಬಟ್ಟೆ. ಎದೆ ಮೇಲೆ ಹೂವಿನ ಹಾರ. ಪಕ್ಕದಲ್ಲಿ ಬೆಳ್ಳಿ ಕೋಲು. ಕಣ್ಣು ಮುಚ್ಚಿದೆ. ತುಟಿ ಮಾತ್ರ ಅಲುಗುತ್ತಿದೆ.

"ನನ್ನನ್ನು ನೋಡಿ ನೀನೇಕೆ ಹೆದರುತ್ತೀ? ಒಂದು ದಿನ ನೀನೂ ನನ್ನ ಹಿಂದೆ ಬರುವವನೇ ಅಲ್ಲವೋ?"

ಅಷ್ಟು ಹೇಳಿ ಅಭ್ಯಾಸದಂತೆ ಸುಮ್ಮನಾದರು. ಕಾದರು.

ಪೊಲೀಸಿನವನು ಟೋಪಿ ತೆಗೆದ.

"ಬರಲ್ಲ ಸಾರ್" ಅಂದ. "ಡ್ಯೂಟಿ ಇದೆ."

ಆಮೇಲೆ ಆ ಸಿಗ್ನಲ್ಲಿನಲ್ಲಿ ನಮ್ಮ ಕಾರು ಕಂಡರೆ ಸಾಕು, ಕೆಂಪು ದೀಪ ಇದ್ದರೂ ಹೋಗಿ ಹೋಗಿ ಅಂತ ಕೈ ಬೀಸುತ್ತಿದ್ದ. ಮುಖ ಮಾತ್ರ ಆ ಕಡೆ.

ದೋಣಿಯ ಪುಸ್ತಕ

ಅಯ್ಯನವರ ಪುಸ್ತಕಗಳಲ್ಲಿ ಒಂದು ಸಣ್ಣದು. ಕೊನೇ ದಿನಗಳಲ್ಲಿ ಇರುವ ರೋಗಿಗಳಿಗೆ ಅಂತ ಬರೆದದ್ದು. ಮೇಲೆ ಒಂದು ದೋಣಿ ದಡ ಬಿಟ್ಟು ಹೋಗುವ ಚಿತ್ರ. ದೋಣಿಯಲ್ಲಿ ಯಾರೂ ಇಲ್ಲ. ನೋಡಿದರೆ ನನಗೇ ಒಂದು ಥರ ಆಗುತ್ತಿತ್ತು. ಸಂಜೆ ಹೊತ್ತು ಆಸ್ಪತ್ರೆಗಳಿಗೆ ಹೋಗಿ ಅದನ್ನು ಕೈಗೆ ಕೊಟ್ಟು, ಹಣೆ ಮುಟ್ಟಿ ಪ್ರಾರ್ಥನೆ ಮಾಡಿ ಬರುವುದು ಅವರ ಪದ್ಧತಿ.

ರಾಜಾಜಿನಗರ ಕಡೆ ಒಂದು ಆಸ್ಪತ್ರೆ. ಸಭೆಯ ಮುದುಕರೊಬ್ಬರು ಅಲ್ಲಿದ್ದರು. ಕಿಟಕಿ ಪಕ್ಕದ ಮಂಚ. ನಾವು ಹೋಗುವ ಹೊತ್ತಿಗೆ ಅವರನ್ನು ಬೇರೆ ವಾರ್ಡಿಗೆ ಹಾಕಿದ್ದರು. ಆ ಮಂಚದಲ್ಲಿ ಗೋವಿಂದರಾಜನಗರದ ದಿನಸಿ ಅಂಗಡಿಯವರು ಮಲಗಿದ್ದರು. ಹರ್ನಿಯಾ. ಮಾರನೇ ದಿನ ಆಪರೇಷನ್ನು. ನಿದ್ದೆ ಹತ್ತಿತ್ತು, ಹೊದಿಕೆ ಮೂಗಿನ ತನಕ. ಅಯ್ಯನವರಿಗೆ ಕಣ್ಣೂ ಅಷ್ಟಕ್ಕಷ್ಟೆ.

ಹಣೆ ಮೇಲೆ ಕೈ ಇಟ್ಟರು. "ಈ ಆತ್ಮವನ್ನು ಸಮಾಧಾನದಿಂದ ಕಳುಹಿಸು" ಅಂತ ಶುರು ಮಾಡಿದರು.

ಆತ್ಮ ಕಣ್ಣು ಬಿಟ್ಟಿತು.

"ಯಾರು... ಯಾರು ನೀವು?"

"ಹೆದರಬೇಡಿ ಅಪ್ಪಾ" ಅಂದರು ಅಯ್ಯನವರು. ದನಿ ಬಹಳ ಮೆತ್ತಗೆ. "ದಾರಿ ತೋರಿಸೋಕೆ ಬಂದಿದೀನಿ."

ಪುಸ್ತಕ ಕೈಗೆ ಇಟ್ಟರು. ಅವರು ದೋಣಿ ನೋಡಿದರು. ಬಿಳಿ ಬಟ್ಟೆ ನೋಡಿದರು. ಮತ್ತೆ ದೋಣಿ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ನನ್ನನ್ನೂ ನೋಡಿದರು. ನಾನು ಕಪ್ಪಗೆ ದಪ್ಪಗೆ ಇದ್ದೀನಿ, ಮೀಸೆ ಬೇರೆ. ಕೋಣ ಒಂದು ಕಾಣಲಿಲ್ಲ ಅಷ್ಟೆ.

ಆಮೇಲೆ ನಡೆದದ್ದನ್ನು ನರ್ಸಮ್ಮ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಾವು ಕೆಳಗೆ ಬರುವಷ್ಟರಲ್ಲಿ ಅಂಗಡಿಯವರು ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಆಟೋ ಹತ್ತುತ್ತಿದ್ದರು. ಹಿಂದೆ ಅವರ ಹೆಂಡತಿ, ಫ್ಲಾಸ್ಕ್ ಹಿಡಿದುಕೊಂಡು, "ರೀ, ಆಪರೇಷನ್ನು ರೀ!"

ಅಯ್ಯನವರು ಆಟೋ ತಿರುಗುವ ತನಕ ನೋಡಿದರು.

"ಇಷ್ಟು ವರ್ಷ ಆ ಪುಸ್ತಕ ಹಂಚಿದೀನಿ ಕಣಯ್ಯ" ಅಂದರು. "ಕೈಗೆ ತಗೊಂಡು ಎದ್ದು ನಡೆದವನು ಇವನೊಬ್ಬನೇ."

ನಂದಿನಿ ಲೇಔಟಿನ ಗೋಡೆ

ಸಭೆಯ ಒಬ್ಬ ಟೀಚರಮ್ಮ ಅಳುತ್ತಾ ಬಂದರು. ಬಾಡಿಗೆ ಮನೆಗೆ ಬಂದು ಹೆಚ್ಚು ದಿನ ಆಗಿಲ್ಲ. ಮಧ್ಯಾಹ್ನ ಆದರೆ ಮಲಗುವ ಕೋಣೆಯ ಗೋಡೆ ಬಡಿಯುತ್ತೆ. ಆ ಕಡೆಯ ಮನೆ ಖಾಲಿ, ಬಾಡಿಗೆಗಿದೆ ಅನ್ನುವ ಬೋರ್ಡು ನೇತಾಡುತ್ತಿದೆ. ಮತ್ತೆ ಬಡಿಯೋದು ಯಾರು?

ಅಯ್ಯನವರು ಪೂರ್ತಿ ಉಡುಪು ಹಾಕಿಕೊಂಡು ಕೋಲು ಹಿಡಿದು ಹೊರಟರು. ದೆವ್ವ ಬಿಡಿಸೋದು ಇವರ ಸಭೆಯಲ್ಲಿ ಕಮ್ಮಿ. ಆದರೂ ಧೈರ್ಯ ಹೇಳಬೇಕಲ್ಲ.

ಕೋಣೆಯಲ್ಲಿ ನಿಂತೆವು. ಟೀಚರಮ್ಮ, ಅವರ ಯಜಮಾನರು, ಅಯ್ಯನವರು, ಬಾಗಿಲಿಗೆ ಒರಗಿ ನಾನು. ಕರೆಂಟ್ ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ದೂರ ಹೋಯಿತು. ಆಮೇಲೆ ಬಂತು.

ಟಕ್. ಟಕ್. ಟಕ್.

ಗೋಡೆಯ ಕ್ಯಾಲೆಂಡರು ಅಲುಗಿತು. ಟೀಚರಮ್ಮ ಯಜಮಾನರ ತೋಳು ಹಿಡಿದರು. ಯಜಮಾನರು ನನ್ನ ತೋಳು ಹಿಡಿದರು. ಅಯ್ಯನವರಿಗೆ ಕಿವಿ ಮಂದ. ಗೋಡೆಗೆ ಅಂಗೈ ಇಟ್ಟು ನಿಂತರು. ಮತ್ತೆ ಬಡಿಯಿತು. ಅವರ ಮುಖವೂ ಬಿಳಿ ಆಯಿತು. ಆದರೂ ಕೋಲು ಎತ್ತಿ, ಅದೇ ಥರ ಮೂರು ಸಲ ಕುಟ್ಟಿದರು.

ಆ ಕಡೆ ಸದ್ದಿಲ್ಲ. ಉಸಿರು ಬಿಡುವಷ್ಟು ಹೊತ್ತು.

ಆಮೇಲೆ ದಡದಡದಡ ಅಂತ, ಬಹಳ ಖುಷಿಯಾದ ಹಾಗೆ ಬಡಿಯತೊಡಗಿತು. ಟೀಚರಮ್ಮ ಮಂಚದ ಮೇಲೆ ಹತ್ತಿದರು.

"ಆ ಕಡೆ ಹೋಗಿ ನೋಡೋಣ ನಡಿ" ಅಂದರು ಅಯ್ಯನವರು. ಆ ಮನೆ ಬಾಗಿಲು ಹಿಂದಿನ ಬೀದಿಗೆ. ಬೋರ್ಡು ನೇತಾಡುತ್ತಲೇ ಇತ್ತು. ಬಾಗಿಲು ಮಾತ್ರ ತೆರೆದಿತ್ತು. ಧಾರವಾಡ ಕಡೆಯವರು ಆ ವಾರವೇ ಬಂದು ಸೇರಿದ್ದರು. ಬೋರ್ಡು ಬಿಚ್ಚಿರಲಿಲ್ಲ. ಒಳಗೆ ಮಂಚದ ಮೇಲೆ ಒಬ್ಬ ಅಜ್ಜಿ, ಕಾಲಿಗೆ ಕಟ್ಟು, ಕೈಯಲ್ಲಿ ದೊಣ್ಣೆ. ಅಯ್ಯನವರ ವೇಷ ಕಂಡು ಯಾವುದೋ ಮಠದ ಸ್ವಾಮಿಗಳು ಅಂದುಕೊಂಡರು.

"ಬರ್ರಿ ಅಜ್ಜಾರ! ಸೊಸಿಗೆ ಚಾ ಬೇಕಂತ ದಿನಾ ಗ್ವಾಡಿ ಬಡೀತೀನ್ರಿ, ಆಕಿ ಕಿವಿಗೆ ಹಾಕ್ಕೊಳ್ಳಂಗಿಲ್ಲ. ಇವತ್ತ ಯಾರೋ ಪುಣ್ಯಾತ್ಮರು ತಿರುಗಿ ಬಡದ್ರು ನೋಡ್ರಿ. ನೀವೇ ಏನ್ರಿ? ಚಾ ತಂದೀರೇನು?"

ಅಡುಗೆಮನೆಯಿಂದ ಸೊಸೆ ಬಂದು ನಾಲಿಗೆ ಕಚ್ಚಿಕೊಂಡರು. ಎಲ್ಲರಿಗೂ ಚಹಾ ಆಯಿತು. ಹೊರಡುವಾಗ ಅಜ್ಜಿ ಅಯ್ಯನವರ ಬೆಳ್ಳಿ ಕೋಲು ಹಿಡಿದುಕೊಂಡು ಬಿಡಲೇ ಇಲ್ಲ.

"ಕೋಲು ಭಾರಿ ಐತ್ರಿ ಅಜ್ಜಾರ. ಇದರಾಗ ಬಡದ್ರ ಆಕಿಗೆ ಖಂಡಿತ ಕೇಳ್ತೈತಿ. ಎರಡು ದಿನ ಇಲ್ಲೇ ಬಿಟ್ಟು ಹೋಗ್ರಿ."

ಖಾಲಿ ಬಿಟ್ಟ ಜಾಗ

ಅಯ್ಯನವರ ಅಮ್ಮಾವ್ರು, ಅಂದರೆ ಅವರ ಹೆಂಡತಿ, ನಾನು ಕೆಲಸಕ್ಕೆ ಸೇರುವ ಮೊದಲೇ ಹೋಗಿದ್ದರು. ಮೈಸೂರು ರಸ್ತೆ ಕಡೆ ಸಮಾಧಿ. ಇವರಲ್ಲಿ ಗಂಡ ಹೆಂಡತಿಗೆ ಒಟ್ಟಿಗೇ ಜಾಗ ತೆಗೆದುಕೊಳ್ಳುತ್ತಾರೆ. ಒಂದೇ ಕಲ್ಲು. ಅದರಲ್ಲಿ ಅಮ್ಮಾವ್ರ ಹೆಸರು, ಪಕ್ಕದಲ್ಲಿ ಅಯ್ಯನವರ ಹೆಸರು. ಹುಟ್ಟಿದ ವರ್ಷ ಕೆತ್ತಿದೆ. ಅಯ್ಯನವರು ತೀರಿಹೋಗುವ ವರ್ಷದ ಜಾಗ ಖಾಲಿ ಬಿಟ್ಟಿದೆ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ತಪ್ಪು ತಿದ್ದುವ ಹಾಳೆಗಳು ಬರುತ್ತವೆ. ಅಯ್ಯನವರು ಅವನ್ನು ಅಲ್ಲಿಗೇ ತಗೊಂಡು ಹೋಗುತ್ತಿದ್ದರು. "ಅಲ್ಲಿ ಯಾರೂ ಮಾತಾಡಿಸಲ್ಲ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಂಜು ಬಿದ್ದಿತ್ತು. ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಅಯ್ಯನವರು ಬಿಳಿ ಅಂಗಿಯಲ್ಲಿ ತಮ್ಮ ಜಾಗದ ಮೇಲೆ ಕೂತು ಹಾಳೆ ತಿರುವುತ್ತಿದ್ದರು. ನಾನು ಮರದ ಕೆಳಗಿದ್ದೆ. ಹೊಸ ವಾಚ್‌ಮನ್ ಬಂದ. ಬಾಪೂಜಿ ನಗರದವನು, ಆ ವಾರವೇ ಸೇರಿದವನು.

"ಸಾರ್, ಸಮಾಧಿ ಮೇಲೆ ಕೂರಂಗಿಲ್ಲ. ಯಾರದು ಇದು?"

"ನಂದೇ ಕಣಪ್ಪ."

ಅವನು ನಕ್ಕ. "ತಮಾಷೆ ಬೇಡ ಸಾರ್. ನಿಮ್ಮ ಹೆಸರು ಹೇಳಿ."

ಅಯ್ಯನವರು ಹೇಳಿದರು. ಅವನು ಬಗ್ಗಿ ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಕೊನೇ ಅಕ್ಷರ ಓದಿ ಬೆರಳು ಹಿಂದಕ್ಕೆ ತೆಗೆದ. ತಲೆ ಎತ್ತಲಿಲ್ಲ.

"ಯಾವಾಗ ಹೋದ್ರಿ ಸಾರ್?" ಅಂತ ಕೇಳಿದ.

ಅಯ್ಯನವರು ಹಾಳೆಯಿಂದ ಕಣ್ಣು ತೆಗೆಯದೆ, "ಇನ್ನೂ ಕೆತ್ತಿಲ್ಲ ನೋಡು" ಅಂದರು.

ಅವನು ಓಡಲಿಲ್ಲ. ಹಿಂದು ಹಿಂದಕ್ಕೇ ನಡೆದು ಮಂಜಿನಲ್ಲಿ ಕರಗಿಹೋದ. ಮುಂದಿನ ಸಲ ಹೋದಾಗ ಕಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಸರ ಕಟ್ಟಿತ್ತು. ಅಯ್ಯನವರು ನಿಂಬೆಹಣ್ಣು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದು ನಮ್ಮನೆಯವಳ ಕೈಗೆ ಕೊಟ್ಟರು.

"ಶರಬತ್ತು ಮಾಡಮ್ಮ."

ವಿಷಯ ನಾನು ಹೇಳಿದೆ. ಅವಳು ಅಡುಗೆಮನೆ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಗೋರಿಗೆ ಕಟ್ಟಿದ ನಿಂಬೆಹಣ್ಣು ನನ್ನ ಅಡುಗೆಮನೆಗೆ ಬರಂಗಿಲ್ಲ ಅಯ್ಯನೋರೇ."

"ಹಾಗಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲಮ್ಮ."

"ಬೈಬಲ್‌ನಲ್ಲಿ ಶರಬತ್ತು ಮಾಡೋದೂ ಇಲ್ಲ. ಎಸೀರಿ ಅತ್ಲಾಗೆ."

ಎಸೆದರು. ಇಷ್ಟು ಪಾದ್ರಿಗಳಿಗೆ ಅಪ್ಪಣೆ ಕೊಟ್ಟವರು, ಕಾಂಪೌಂಡ್ ಆಚೆ ಹೋಗಿ ಎಸೆದು ಕೈ ತೊಳೆದುಕೊಂಡು ಬಂದರು.

ಚಪ್ಪಲಿ

ನನಗೊಂದು ಚಾಳಿ. ಚಪ್ಪಲಿ ಬಾಗಿಲಿಗೆ ಅಡ್ಡವಾಗಿ ಬಿಡುವುದು. ಒಂದು ಈ ಕಡೆ, ಒಂದು ಆ ಕಡೆ. ನಮ್ಮನೆಯವಳು ಮದುವೆಯಾದ ದಿನದಿಂದ ಬೈದಳು. ಬೈದು ಬೈದು ಸಾಕಾಗಿ ತಾನೇ ಜರುಗಿಸುತ್ತಿದ್ದಳು. ಗೋಡೆಗೆ ಒತ್ತಿ, ಜೋಡಿಸಿ, ಮುಂಭಾಗ ಹೊರಕ್ಕೆ ಮಾಡಿ. ಹೊರಟಾಗ ಕಾಲು ಹಾಕಿದರೆ ಸಾಕು.

ಅವಳು ಹೋದ ಮೇಲೆ ನಾನು ಅಯ್ಯನವರ ಅಡುಗೆಮನೆಗೆ ಹೋಗುತ್ತಿದ್ದೆ. ಇಬ್ಬರಿಗೂ ಒಂದಿಷ್ಟು ಅನ್ನ ಬೇಯಿಸಬೇಕಲ್ಲ. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕುಕ್ಕರ್ ಇಳಿಸಿ ಹೊರಗೆ ಬಂದೆ.

ಚಪ್ಪಲಿ ಗೋಡೆಗೆ ಒತ್ತಿ ಇದ್ದವು. ಜೋಡಿಯಾಗಿ. ಮುಂಭಾಗ ಹೊರಕ್ಕೆ.

ಹಿತ್ತಲಲ್ಲಿ ಯಾರೂ ಇಲ್ಲ. ಒಗೆಯುವ ಕಲ್ಲು, ಕರಿಬೇವಿನ ಗಿಡ, ಅವಳು ಕಟ್ಟಿದ ಹಗ್ಗ. ಮೈ ಜುಮ್ಮೆಂದಿತು. ಕಾಲು ಹಾಕಲೂ ಮನಸ್ಸು ಬರಲಿಲ್ಲ. ಬರಿಗಾಲಲ್ಲಿ ರೂಮಿಗೆ ಹೋದೆ.

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ನಾನು ಬೇಕಂತಲೇ ಇನ್ನೂ ಅಡ್ಡಾದಿಡ್ಡಿ ಬಿಡತೊಡಗಿದೆ. ಒಂದನ್ನು ಮಗುಚಿ ಹಾಕಿದೆ. ಬಂದು ನೋಡಿದರೆ ಅದೂ ಸರಿಯಾಗಿ ಕೂತಿದೆ. ಹೆದರಿಕೆ ಹೋಯಿತು. ಕಾಯುವುದು ಶುರು ಆಯಿತು. ಅಡುಗೆ ಮಾಡುವಾಗ ಬಾಗಿಲ ಕಡೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ನೋಡಿದರೆ ಬರದೇ ಹೋದಾಳು ಅಂತ.

ಒಂದು ದಿನ ತಡೆಯಲಾರದೆ ತಿರುಗಿದೆ.

ಅಯ್ಯನವರು. ಬೆನ್ನುನೋವಿನ ಮನುಷ್ಯ, ಗೋಡೆ ಹಿಡಿದು ಬಗ್ಗಿ, ನನ್ನ ಹವಾಯಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕಳ್ಳನ ಥರ ಕಂಡರು.

"ಎರಡು ಸಲ ಎಡವಿದೆ ಕಣಯ್ಯ" ಅಂದರು. "ಅವಳು ಹೀಗೆ ಇಡ್ತಿದ್ದಳಲ್ಲ. ನೋಡಿ ಕಲಿತೆ."

ನನಗೆ ಅಳು ಬಂತು. ಅವತ್ತು ಒಂದು ಮಾತು ಕೇಳಿಬಿಟ್ಟೆ.

"ಅಯ್ಯನೋರೇ, ಸತ್ತ ಮೇಲೆ ಅಲ್ಲಿ ಒಬ್ರಿಗೊಬ್ರು ಗುರ್ತು ಸಿಗುತ್ತಾ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಕೇಳಿ ಸುಮ್ಮನಾಗುವವರು, ಕೇಳಿಸಿಕೊಂಡು ಸುಮ್ಮನಾದದ್ದು ಅದೇ ಮೊದಲು.

"ಅದೇ ಅಧ್ಯಾಯ ಕಣಯ್ಯ ನಂಗೂ ಮುಗೀದೇ ಇರೋದು" ಅಂದರು. "ಪ್ರಶ್ನೆ ಹೇಳಿ ರೆಕಾರ್ಡರ್ ಎತ್ತಿಟ್ಟೆ. ಪುಸ್ತಕ ಅಲ್ಲಿಗೇ ನಿಂತೋಯ್ತು."

ಆಮೇಲೆ ಚಪ್ಪಲಿ ಕೆಳಗಿಟ್ಟು ಕೈ ಒರೆಸಿಕೊಂಡರು. "ಇದರಲ್ಲಿ ಮುಳ್ಳು ಚುಚ್ಚಿದೆ ನೋಡು, ತೆಗೆಸು. ದಿನಾ ನನ್ನ ಕೈಗೆ ಚುಚ್ಚುತ್ತೆ."

ನಲ್ಲಿ

ಆ ಮಾತು ಆದ ಮೇಲೆ ಅಯ್ಯನವರು ನಿಂತ ಪುಸ್ತಕ ಮತ್ತೆ ತೆಗೆದರು. ಹಳೇ ರೆಕಾರ್ಡರ್ ಕೇಳಿ ಟೈಪ್ ಮಾಡಲು ವಿಜಯನಗರದಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಹೊಸಬಳು. ನಮ್ಮನೆಯವಳನ್ನು ಕಂಡವಳಲ್ಲ.

ಒಂದು ಮಧ್ಯಾಹ್ನ ಅಯ್ಯನವರು ಸಭೆಯ ಮೀಟಿಂಗಿಗೆ ಬೇರೆಯವರ ಕಾರಿನಲ್ಲಿ ಹೋಗಿದ್ದರು. ಆ ಹುಡುಗಿ ಒಳಗಿದ್ದಳು. ನಾನು ಕಾರು ತೊಳೆಯುತ್ತಿದ್ದೆ. ಪೈಪಿನಲ್ಲಿ ನೀರು ಬಿಟ್ಟಿದ್ದೆ. ಬಿಸಿಲು. ಬೀದಿಯಲ್ಲಿ ನಾಯಿ ಕೂಡ ಇಲ್ಲ.

"ರೀ! ನೀರು ಹರ್ದು ಹೋಗ್ತಾ ಇದೆ. ನಲ್ಲಿ ನಿಲ್ಸಿ!"

ನಿಲ್ಲಿಸಿದೆ. ಕೈ ತಾನಾಗೇ ಹೋಗಿ ನಲ್ಲಿ ತಿರುಗಿಸಿತು. "ಆಯ್ತು ಕಣೇ" ಅಂತ ಬಾಯಿ ಕೂಡ ಅಂದುಬಿಟ್ಟಿತು.

ಆಮೇಲೆ ತಿಳಿಯಿತು.

ಪೈಪು ಕೈಯಿಂದ ಬಿತ್ತು. ಅದೇ ಕಿಟಕಿ. ಅದೇ ದನಿ. ಒಂದು ಎಳೆಯೂ ಅಳಿಸಿರಲಿಲ್ಲ. ಓಡಿದೆ. ಬಾಗಿಲಲ್ಲಿ ಆ ಹುಡುಗಿಯೂ ಓಡಿ ಬರುತ್ತಿದ್ದಳು. ಇಬ್ಬರೂ ಡಿಕ್ಕಿ ಹೊಡೆದೆವು.

"ಅಂಕಲ್, ಅಯ್ಯನವರು ಒಬ್ರೇ ಇರೋದು ಅಂದ್ರಲ್ಲ? ಹೆಡ್‌ಫೋನ್ ಕೆಟ್ಟೋಯ್ತು ಅಂತ ಸ್ಪೀಕರ್‌ಗೆ ಹಾಕಿದೆ. ಅವರ ಪುಸ್ತಕದೊಳಗೆ ಯಾರೋ ಆಂಟಿ ಇದಾರೆ!"

ಪರದೆಯ ಮೇಲೆ ಟೈಪ್ ಮಾಡಿದ್ದನ್ನು ತೋರಿಸಿದಳು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹೊಡೆದಿದ್ದಳು. ನಾನು ಕೂಡಿಸಿ ಕೂಡಿಸಿ ಓದಿದೆ.

"ಆ ಲೋಕದಲ್ಲಿ ಜೀವಜಲವು ಹಗಲಿರುಳೂ ನಿಲ್ಲದೆ ಹರಿಯುತ್ತಲೇ ಇರುವುದು. ರೀ, ನೀರು ಹರ್ದು ಹೋಗ್ತ ಇದೆ, ನಲ್ಲಿ ನಿಲ್ಸಿ."

"ಇದು ಬೋಧನೆಯಾ ಅಂಕಲ್? ಬಿಡ್ಲಾ, ತೆಗೀಲಾ?"

ನಾನು ನೆಲದ ಮೇಲೆ ಕೂತುಬಿಟ್ಟೆ. ಇನ್ನೊಂದು ಸಲ ಹಾಕಮ್ಮ ಅಂದೆ. ಹಾಕಿದಳು. ಇನ್ನೊಂದು ಸಲ ಅಂದೆ. ಅವಳಿಗೆ ವಿಷಯ ಗೊತ್ತಾಯಿತು. ಆಮೇಲೆ ಕೇಳದೇನೇ ಹಾಕಿದಳು. ಅದಕ್ಕಿಂತ ಮುಂದೆ ಕೇಳಲು ನನಗೆ ಆಗಲಿಲ್ಲ. ಸಾಕು ಅನ್ನಿಸಿತು. ಮಿಕ್ಕಿದ್ದನ್ನು ಸಂಜೆ ಅಯ್ಯನವರು ಬಂದು ಬಾಗಿಲು ಹಾಕಿಕೊಂಡು ಕೇಳಿದರು. ಒಳಗಿಂದ ಕೆಮ್ಮಿನ ಹಾಗೆ ಸದ್ದು ಬಂತು. ನಗುವೋ ಅಳುವೋ, ನನಗೆ ಹೇಳಲಿಲ್ಲ.

ನಾನು ಮಾತ್ರ ಅವತ್ತು ಕಾರು ಅರ್ಧ ತೊಳೆದು ಬಿಟ್ಟೆ. ನಲ್ಲಿ ಮತ್ತೆ ಬಿಡುವ ಧೈರ್ಯ ಯಾರಿಗಿದೆ?

ನಾನಲ್ಲ

ಪುಸ್ತಕ ಬಂತು. ರಾಜಾಜಿನಗರದಲ್ಲಿ ಒಂದು ಚರ್ಚಿನ ಹಾಲ್‌ನಲ್ಲಿ ಬಿಡುಗಡೆ. ಶಾಲು, ಹಣ್ಣಿನ ಬುಟ್ಟಿ, ಮೈಕು. ಬೇರೆ ಊರಿನ ಇನ್ನೊಬ್ಬ ಬಿಷಪ್ ಅತಿಥಿಗಳು, ಭಾರಿ ಆಳು.

ಇವರ ಚರ್ಚಿನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಬೂಟು ಹಾಕಿಕೊಂಡೇ ಒಳಗೆ ಬರುತ್ತಾರೆ. ನನಗೆ ಆಗಲ್ಲ. ದೇವರಿರುವ ಕಟ್ಟಡ, ಯಾವ ದೇವರಾದರೇನು. ಬಾಗಿಲಲ್ಲಿ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಅಷ್ಟು ಜನರಲ್ಲಿ ಅದೊಂದೇ ಜೋಡಿ. ಎಲ್ಲಿ ಬಿಟ್ಟಿರುತ್ತೀನಿ, ಹೇಗೆ ಬಿಟ್ಟಿರುತ್ತೀನಿ, ನೀವೇ ಊಹಿಸಿಕೊಳ್ಳಿ.

ಅತಿಥಿ ಬಿಷಪ್ ಬಂದರು. ವಾದ್ಯ ಶುರುವಾಯಿತು. ಬಾಗಿಲಲ್ಲೇ ಎಡವಿದರು. ಕೋಲು ಇದ್ದದ್ದಕ್ಕೆ ಬೀಳಲಿಲ್ಲ. "ಯಾರದಪ್ಪಾ ಇದು?" ಅಂದರು. ನಾನು ಹಾಡಿನ ಪುಸ್ತಕ ನೋಡುತ್ತಿದ್ದೆ. ತಲೆಕೆಳಗಾಗಿ.

ಭಾಷಣ ಎಲ್ಲ ಮುಗಿಯಿತು. ಅಯ್ಯನವರು ಎದ್ದರು.

"ಈ ಪುಸ್ತಕದ ಕೊನೇ ಅಧ್ಯಾಯ ನಾನು ಬರೆದದ್ದಲ್ಲ" ಅಂದರು. "ಪ್ರಶ್ನೆ ನನ್ನದು. ಅದಕ್ಕೆ ಉತ್ತರ ನನ್ನ ಕಿವಿ ಪಕ್ಕದಲ್ಲೇ ಬಂದಿತ್ತು. ಕಿವುಡ, ಕೇಳಿಸಿರಲಿಲ್ಲ. ಉತ್ತರ ನನ್ನ ಮನೆಯ ಅಡುಗೆಯ ತಾಯಿಯದು. ಆಕೆ ಈಗಿಲ್ಲ."

ರೆಕಾರ್ಡರ್ ತೆಗೆದು ಮೈಕಿಗೆ ಹಿಡಿದರು. ನಾನು ಮುಂದಿನ ಬೆಂಚು ಹಿಡಿದುಕೊಂಡೆ.

ಮೊದಲು ಅಯ್ಯನವರ ದನಿ. "ಅಲ್ಲಿ ನಾವು ನಮ್ಮವರನ್ನು ಗುರುತಿಸುವೆವೋ?" ಆಮೇಲೆ ಮೌನ. ಎಲ್ಲೋ ನಲ್ಲಿ ನೀರು. ಒಂದು ಪಾತ್ರೆ ಕೆಳಗಿಟ್ಟ ಸದ್ದು. ಹಾಲ್ ತುಂಬ ಜನ, ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅವಳು ಬಂದಳು. ದೊಡ್ಡ ಸ್ಪೀಕರಿನಲ್ಲಿ, ನಾಲ್ಕು ಗೋಡೆಯಿಂದಲೂ.

"ಗುರ್ತು ಸಿಗ್ದೆ ಏನು ಅಯ್ಯನೋರೇ? ನಾನು ಮೊದ್ಲು ಹೋಗಿರ್ತೀನಿ. ಇವ್ರು ಆಮೇಲೆ ಬರ್ತಾರೆ. ಬಂದೋರು ಸ್ವರ್ಗದ ಬಾಗ್ಲಿಗೆ ಅಡ್ಡವಾಗಿ ಚಪ್ಪಲಿ ಬಿಡ್ತಾರೆ. ಹಿಂದೆ ಬರೋ ದೊಡ್ಡೋರು ಯಾರೋ ಎಡವಿ ಬೀಳ್ತಾರೆ. ಆ ಗಲಾಟೆ ಕೇಳ್ತಿದ್ದಂಗೇ ನಂಗೆ ಗೊತ್ತಾಗೋಗ್ತದೆ, ನಮ್ಮನೆಯವ್ರು ಬಂದ್ರು ಅಂತ. ಏಳಿ ಈಗ, ಉಪ್ಪಿಟ್ಟು ಆರೋಗ್ತದೆ."

ಆಮೇಲೆ ಅತಿಥಿ ಬಿಷಪ್ ನಿಧಾನವಾಗಿ ತಲೆ ತಿರುಗಿಸಿ ಬಾಗಿಲ ಕಡೆ ನೋಡಿದರು. ಅವರ ಹಿಂದೆ ಇಡೀ ಸಭೆ ತಿರುಗಿತು. ಹೊಸ್ತಿಲಲ್ಲಿ ನನ್ನ ಚಪ್ಪಲಿ. ಒಂದು ಆ ಕಡೆ, ಒಂದು ಈ ಕಡೆ.

ಅಂಥ ನಗು ಆ ಹಾಲ್‌ನಲ್ಲಿ ಯಾವತ್ತೂ ಆಗಿರಲಿಕ್ಕಿಲ್ಲ. ಅತಿಥಿ ಬಿಷಪ್ ಹೊಟ್ಟೆ ಹಿಡಿದುಕೊಂಡರು. ಪಾದ್ರಿ ಅಯ್ಯನವರೊಬ್ಬರು ಕಣ್ಣು ಒರೆಸಿಕೊಂಡರು. ನಾನೂ ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು. ಮುಖ ಒದ್ದೆಯಾಗಿದ್ದು ಆಮೇಲೆ ಗೊತ್ತಾಯಿತು.

ಕೊನೇ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದರು. ನನ್ನನ್ನು ದಾಟಿ ಬಾಗಿಲ ಕಡೆ ಯಾರೂ ಹೋಗಲಿಲ್ಲ, ನಾನೇ ಕೊನೇ ಬೆಂಚು. ಆಮೆನ್ ಆಯಿತು. ಕಾರು ತರಲು ಎಲ್ಲರಿಗಿಂತ ಮೊದಲು ಹೊರಗೆ ಬಂದೆ.

ಚಪ್ಪಲಿ ಗೋಡೆಗೆ ಒತ್ತಿ ಇದ್ದವು. ಜೋಡಿಯಾಗಿ. ಮುಂಭಾಗ ಹೊರಕ್ಕೆ.

ನಾನು ಅಲ್ಲೇ ನಿಂತೆ. ಅಯ್ಯನವರು ಹಾರ ಹಾಕಿಕೊಂಡು, ವೇದಿಕೆ ಇಳಿದು, ಜನರನ್ನು ದಾಟಿ, ಕೋಲು ಊರಿಕೊಂಡು ಬಂದರು. ಚಪ್ಪಲಿ ನೋಡಿದರು. ನನ್ನನ್ನು ನೋಡಿದರು. ಎರಡೂ ಕೈ ಮೇಲೆತ್ತಿದರು.

"ನಾನಲ್ಲ ಕಣಯ್ಯ" ಅಂದರು. "ನಾನು ಅಷ್ಟು ದೂರದಲ್ಲಿದ್ದೆ."

ಮನೆ ಕಡೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವರು ಮಲಗಲೂ ಇಲ್ಲ. ಸೆಟೆದುಕೊಂಡು ಕೂತಿದ್ದರು. ಸಾವಿನ ಮೇಲೆ ಅಷ್ಟು ಪುಸ್ತಕ ಬರೆದವರು ಪಕ್ಕದ ಖಾಲಿ ಜಾಗವನ್ನು ಆಗಾಗ ನೋಡುತ್ತಾ, "ಸ್ವಲ್ಪ ಲೈಟ್ ಹಾಕಯ್ಯಾ" ಅಂದರು. ಸಂಜೆ ಬಿಸಿಲು ಇನ್ನೂ ಇತ್ತು.

ರೂಮಿಗೆ ಬಂದೆ. ಚಪ್ಪಲಿ ಬಾಗಿಲಿಗೆ ಅಡ್ಡವಾಗಿ ಬಿಟ್ಟೆ. ಒಂದನ್ನು ಮಗುಚಿ ಹಾಕಿದೆ. ಬೈಯೋದಕ್ಕಾದರೂ ಬರಲಿ.